ಜಗಲಿಗೇರಿದ ಸ್ಟೋವಿನ ಕಾಗದ

ಆಳಂದದ ಅಂಗಡಿಯಿಂದ ನಾನು ಪಂಪಿನ ಸ್ಟೋವ್ ತಂದದ್ದು ನಿಜಾಮನ ಕಾಲದಲ್ಲಿ. ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಆಗ ಅಂಥದ್ದು ಇನ್ನೊಂದು ಮನೆಯಲ್ಲಿರಲಿಲ್ಲ. ಡಬ್ಬಿಯೊಳಗೆ ಉರ್ದುವಿನಲ್ಲಿ ಅಚ್ಚಾದ ಒಂದು ಕಾಗದವಿತ್ತು. ಅಕ್ಷರವಿರುವ ಕಾಗದ ಕಾಲಿಗೆ ಸಿಗಬಾರದೆಂದು ಅವ್ವ ಅದನ್ನೆತ್ತಿ, ಸ್ಟೋವಿಗೆ ಹಚ್ಚಿದ ವಿಭೂತಿಯನ್ನೇ ಅದಕ್ಕೂ ಹಚ್ಚಿ, ದೇವರ ಜಗಲಿಯ ಮೇಲಿಟ್ಟು ಕೈ ಮುಗಿದಳು.

“ಏನ್ ಬರ್ದಾರ ನೋಡ್ರಿ ಮೊದಲ,” ಎಂದಳು ನನ್ನ ಹೆಂಡತಿ.

“ಚಾ ಕಾಸಾಕ ಓದಬೇಕೇನು?” ಎಂದೆ. ಉರ್ದು ಶಾಲೆಯಲ್ಲಿ ಕಲಿತವನು ನಾನು. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಪೂಜೆ ಮಾಡಿಸಿಕೊಂಡು ಕೂತ ಕಾಗದವನ್ನು ಇಳಿಸಿ ಓದಲು ಸೋಮಾರಿತನ. ಸೊಕ್ಕು ಎಂದರೂ ಸರಿಯೇ.

ತಿಂಗಳು ತುಂಬುವುದರೊಳಗೆ, ಒಂದು ಬೆಳಿಗ್ಗೆ, ಉರಿ ಸಣ್ಣಗಾಯಿತೆಂದು ನನ್ನ ಹೆಂಡತಿ ಸ್ಟೋವ್ ಆರಿಸದೆ ಮುಚ್ಚಳ ತಿರುಗಿಸಿ ಸೀಮೆಎಣ್ಣೆ ಸುರಿದಳು. ಒಲೆ ಸಣ್ಣಗಾದರೆ ಕಟ್ಟಿಗೆ ಒಟ್ಟಿ ರೂಢಿಯಾದ ಕೈ. ಅವಳ ಪಾಲಿಗೆ ಇದೂ ಒಲೆಯೇ. ಭಗ್ಗೆಂದಿತು. ಬಲಗೈ ಮೊಣಕೈತನಕ ಬೆಂದಿತು. ಗಾಯ ಮಾಯಿತು, ಬೆರಳುಗಳು ಮತ್ತೆ ಬಿಚ್ಚಲಿಲ್ಲ. ಆ ಕೈಯಿಂದ ಅವಳು ಇನ್ನು ರೊಟ್ಟಿ ಬಡಿಯುವಂತಿರಲಿಲ್ಲ.

“ಭಾಳ ದುಡುಕಿ ಈಕಿ,” ಎಂದು ಅವ್ವ ಬಂದವರೆದುರಿಗೆಲ್ಲ ಹೇಳತೊಡಗಿದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ತಪ್ಪು ಅವಳದಲ್ಲ, ಮಾರಿದವನದು ಎಂದು ಕೋರ್ಟಿನ ಬಾಯಿಂದಲೇ ಹೇಳಿಸಬೇಕೆಂದು ಹಟ ಹಿಡಿದು ಅಂಗಡಿಯವನ ಮೇಲೆ ದಾವೆ ಹೂಡಿದೆ.

ಕಾಗದವನ್ನು ತರಬೇಕೆಂದು ನಮ್ಮ ವಕೀಲರು ಹೇಳಿದ್ದರು. ತಾರೀಖಿನ ದಿನ ಆಳಂದಕ್ಕೆ ಹೋಗುವ ಬಂಡಿಯಲ್ಲಿ ಕೂತು ಅದನ್ನು ಮೊದಲ ಸಲ ಓದಿದೆ. ಮೂರನೆಯ ಸಾಲಿನಲ್ಲೇ ಇತ್ತು: ಉರಿಯುತ್ತಿರುವಾಗ ಎಣ್ಣೆ ಹಾಕಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಇಳಿದು ನಡೆದೆ, ಹತ್ತಿದೆ, ಮತ್ತೆ ಇಳಿದೆ.

“ಏನದರಿ ಅದರಾಗ?” ಎಂದು ಬಂಡಿಯಲ್ಲಿದ್ದ ಹೆಂಡತಿ ಕೇಳಿದಳು.

“ಕಂಪನಿ ಹೆಸರು,” ಎಂದೆ.

ಕೋರ್ಟಿನಲ್ಲಿ ಅಂಗಡಿಯವನ ವಕೀಲ ಆ ಮೂರನೆಯ ಸಾಲನ್ನೇ ಗಟ್ಟಿಯಾಗಿ ಓದಿದ. ಸಾಕ್ಷಿ ಹೇಳಲು ನಿಂತಿದ್ದ ನನ್ನ ಹೆಂಡತಿಗೆ ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿದ. ಅವಳು ಒಮ್ಮೆ ನನ್ನತ್ತ ನೋಡಿದಳು.

“ನಿಮ್ಮನ್ಯಾಗ ಯಾರಿಗರೆ ಉರ್ದು ಓದಾಕ ಬರ್ತದೇನವಾ?” ಎಂದು ವಕೀಲ ಕೇಳಿದ.

ಎದ್ದು ನಿಂತು, ನನಗೆ ಬರುತ್ತದೆ ಎನ್ನಬೇಕಿತ್ತು. ಹೇಡಿ ನಾನು, ಏಳಲಿಲ್ಲ.

“ಯಾರಿಗೂ ಬರಂಗಿಲ್ರಿ,” ಎಂದಳು.

ಓದಲು ಬಾರದವರಿಗೆ ಬಾಯಿಬಿಟ್ಟು ಹೇಳದೆ ಮಾರಿದ್ದು ಅಂಗಡಿಯವನ ತಪ್ಪೆಂದು ತೀರ್ಪಾಯಿತು. ನಮ್ಮ ವಕೀಲರು ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿದೆ.

ಬಂಡಿ ಊರ ದಾರಿ ಹಿಡಿದ ಮೇಲೆ ತಡೆಯಲಾಗದೆ ಕೇಳಿದೆ: “ಯಾಕ ಸುಳ್ಳು ಹೇಳ್ದಿ?”

ಅವಳು ಎಡಗೈಯಿಂದ ಸೆರಗು ಸರಿಮಾಡಿಕೊಂಡಳು. “ನಿಮಗ ಬರ್ತದ ಅಂದಿದ್ರ, ಮತ್ತ ಯಾಕ ಓದಿ ಹೇಳಲಿಲ್ಲ ಅಂತ ಕೇಳ್ತಿದ್ರು. ಅದಕ್ಕ ನಾ ಏನ್ ಹೇಳಬೇಕಿತ್ತು? ನೀವರೆ ಹೇಳ್ರಿ.”