ಬೀಗರನ್ನು ಹೋಲುವ ಮಣ್ಣಿನ ಸೈನಿಕ

ಮಧುಗಿರಿ ಬೆಟ್ಟದ ಫೋಟೊ ತೆಗೆದು ತೆಗೆದು, ಬೆಟ್ಟಕ್ಕೇ ನನ್ನ ಮುಖ ಬೇಸರವಾಗಿದ್ದಿರಬೇಕು. ನಿವೃತ್ತನಾದ ಮೇಲೆ ಆ ಗೌರವವನ್ನು ಚೀನಾ ದೇಶಕ್ಕೆ ದಯಪಾಲಿಸಲು ತೀರ್ಮಾನಿಸಿದೆ. ಬಡವನಹಳ್ಳಿಯ ಅಕ್ಕನೂ ಹೊರಟಳು. ಅವಳ ಮಗಳ ಮದುವೆ ಸಿರಾದವರೊಡನೆ ಗೊತ್ತಾಗಿತ್ತು. "ಮದ್ವೆ ಆಯ್ತು ಅಂದ್ರೆ ಹಿಂದೇನೇ ಬಾಣಂತನ. ಆಮೇಲೆ ನನ್ನ ಯಾರು ಬುಡ್ತಾರೆ ಕಣ್ಲಾ" ಎಂಬುದು ಅವಳ ದೂರದೃಷ್ಟಿ.

ಷಿಯಾನ್ ಊರಾಚೆ, ರೈಲು ನಿಲ್ದಾಣದಂಥ ಸೂರಿನಡಿ, ಅಗೆದ ಗುಂಡಿಗಳಲ್ಲಿ ಮಣ್ಣಿನ ಸೈನಿಕರು ಸಾಲುಗಟ್ಟಿ ನಿಂತಿದ್ದರು. ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ನಾನು ಕಟಕಟೆಗೆ ಮೊಣಕೈ ಊರಿ, ತಲೆಯಿಲ್ಲದವರನ್ನೂ ಪಕ್ಷಪಾತ ತೋರದೆ ಸೆರೆಹಿಡಿಯುತ್ತಿದ್ದೆ. ಅಕ್ಕ ನನ್ನ ತೋಳು ಜಗ್ಗಿದಳು.

"ಲೇ, ಆ ಮೀಸೆಯೋನ್ನ ನೋಡ್ಲಾ. ನಮ್ ಬೀಗ್ರಂಗೇ ಅವ್ನೆ."

ನಿಜ. ಅದೇ ಗಲ್ಲ, ಊಟಕ್ಕೆ ಕರೆಯಲು ತಡವಾದಾಗಿನ ಅದೇ ಗಾಂಭೀರ್ಯ. ಅವಳ ಫೋನಿನಲ್ಲೇ ತೆಗೆದು, ಅವಳ ಅಪ್ಪಣೆಯಂತೆ ಅಲ್ಲಿಂದಲೇ ಬೀಗರಿಗೆ ಕಳಿಸಿದೆ.

ಆಮೇಲೆ ಗೈಡ್ ಹುಡುಗಿ ಬಂದು, ಇದೆಲ್ಲ ಒಬ್ಬ ಚಕ್ರವರ್ತಿಯ ಸಮಾಧಿಗೆ ಸೇರಿದ ಕಾವಲು ಎಂದಳು. ನಾನು ಕನ್ನಡಕ್ಕೆ ತಂದೆ. ಅಕ್ಕನ ಮುಖ ಇಳಿಯಿತು. ಮದುವೆ ಗೊತ್ತಾದ ಮನೆಯವರು ಸಾವಿನ ಮನೆಗೂ ಹೋಗುವುದಿಲ್ಲ, ಮಸಣಕ್ಕೂ ಕಾಲಿಡುವುದಿಲ್ಲ. ಇವಳೋ ವಿಮಾನ ಹತ್ತಿ ಬಂದು ಕಾಲಿಟ್ಟಿದ್ದಳು. ಸಾಲದ್ದಕ್ಕೆ ಗಂಡಿನ ತಂದೆಯ ಪ್ರತಿರೂಪವನ್ನು ಅಲ್ಲೇ ಗುರುತು ಹಿಡಿದು ಅವರಿಗೇ ತಿಳಿಸಿದ್ದಳು.

"ಅಪಶಕುನ ಅಂತ ಸಂಬಂಧ ಬ್ಯಾಡ ಅಂದ್ಬುಟ್ರೆ ಏನ್ಲಾ ಗತಿ?"

"ಸತ್ತು ಎರಡು ಸಾವಿರ ವರ್ಷ ದಾಟಿದೆಯಕ್ಕ. ಇನ್ನೆಲ್ಲಿ ಸೂತಕ?"

"ಅವ್ನ ಕಾರ್ಯ ಮಾಡಿದ್ರೋ ಬುಟ್ರೋ, ನೀ ಕಂಡಿದ್ದೀಯಾ?"

ನಾನು ಕಂಡಿರಲಿಲ್ಲ. ಅಲ್ಲಿನ ಫಲಕಗಳೂ ಈ ವಿಷಯದಲ್ಲಿ ಮೌನವಾಗಿದ್ದವು. ಕಳಿಸಿದ್ದನ್ನು ಅಳಿಸೋಣವೆಂದರೆ ಬೀಗರು ಆಗಲೇ ನೋಡಿಯಾಗಿತ್ತು. ಉತ್ತರವೂ ಬಂತು: "ನನ್ನಂಗೇ ಅವ್ನೆ! ಯಾವ ದೇವಸ್ಥಾನ ಬೀಗಿತ್ತಿ?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನೆನಪಿಸಿದೆ. ಅಕ್ಕ ಒಪ್ಪಲಿಲ್ಲ. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿ ಬರೆಸಿದಳು: "ದೇವಸ್ಥಾನ ಅಲ್ಲ. ಮಹಾರಾಜರ ಕಾವಲಿನೋರು." ಯಾವ ಸ್ಥಿತಿಯಲ್ಲಿದ್ದ ಮಹಾರಾಜರು ಎಂದು ಅವರು ಕೇಳಿರಲಿಲ್ಲ. ಬಳಿಕ ಅಕ್ಕ ಹೋಟೆಲಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವವರೆಗೆ ಒಂದು ತುತ್ತೂ ಮುಟ್ಟಲಿಲ್ಲ.

ಬೀಗರಿಗೆ ಉತ್ತರ ಬಹಳ ಹಿಡಿಸಿತು. ರಾತ್ರಿಯೊಳಗೆ ತಮ್ಮ ಡಿಪಿಯಲ್ಲಿ ಸ್ವಂತ ಮುಖ ತೆಗೆದು ಆ ಸೈನಿಕನನ್ನು ಹಾಕಿಕೊಂಡರು. ಛತ್ರ, ಅಡಿಗೆಯವರು, ಸೀರೆ ಎಂದು ಸಿರಾದಿಂದ ದಿನವೂ ವಾಟ್ಸಾಪ್ ಕರೆ, ಪ್ರತಿ ಸಲವೂ ಪರದೆಯ ಮೇಲೆ ಆ ಸಮಾಧಿಯ ಸೈನಿಕ. ಮಗಳ ಕೊರಳಿಗೆ ತಾಳಿ ಬೀಳುವವರೆಗೂ ಅಕ್ಕ ಫೋನನ್ನು ಮಗುಚಿ ಹಿಡಿದೇ ಮಾತಾಡಿದಳು.