ಬಸ್ಸಿನಾಗ ಬಯಲಾದ ಎರಡು ತಿಂಗಳ ಗುಟ್ಟು

ಗೆಳತಿಯರ, ಇವತ್ತ ಮುಂಜಾನೆ ಮನೋಳಿಯಿಂದ ಸವದತ್ತಿ ಬಸ್ಸಿನಾಗ ಕುಂತಿದ್ದೆ. ಬಾಜೂಕ ನಿಂತಿದ್ದ ಅಜ್ಜಿ, "ಹರೇದಾಕಿ ಅದೀ, ನನಗ ಜಾಗಾ ಬಿಡವಾ" ಅಂದ್ರು. ನನಗ ತಲಿ ತಿರಗಾಕತ್ತಿತ್ತು, ಹೊಟ್ಟಿ ತೊಳಸಾಕತ್ತಿತ್ತು. ಹೋದ ಸಲ ಮೂರನೇ ತಿಂಗಳಿಗೇ ಬಸರು ಇಳದಿತ್ತು. ಅದಕ್ಕ ಈ ಸಲ ಮೂರು ತಿಂಗಳ ದಾಟೂತನಕ ಹೇಳೂದು ಬ್ಯಾಡ ಅಂತ ಗಂಡನ್ನ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಕಿವ್ಯಾಗ ಅಷ್ಟ, "ನನಗ ಎರಡು ತಿಂಗಳ ರೀ" ಅಂದೆ.

ಅವರು ನನ್ನ ತಲಿ ಸವರಿ, ಡ್ರೈವರಗ ಕೇಳೂವಂಗ ಅಂದ್ರು: "ತಮ್ಮಾ, ಹುಡುಗಿ ಬಸರಿ ಅದಾಳ, ಸಾವಕಾಶ ಹೊಡಿ."

ಯಾರೋ ಕಿಡಕಿ ತಗದ್ರು, ಯಾರೋ ನಿಂಬಿಹಣ್ಣ ಕೊಟ್ರು. ಅಜ್ಜಿ ನಿಂತೇ ಬಂದ್ರು. ಹಿಂದಿನ ಸೀಟಿನಾಗ ನಮ್ಮ ಅತ್ತಿಯ ತಂಗಿ ಕುಂತಿದ್ರು, ನಾ ನೋಡೇ ಇರಲಿಲ್ಲ.

ಸವದತ್ತಿಯಾಗ ಇಳಿಯೂದ್ರಾಗ ಅತ್ತಿ ಫೋನ್ ಬಂತು: "ಒಬ್ಬಾಕೀನ ಯಾಕ ಅಂಜಕೋಂತ ಕುಂತಿದ್ದೆವಾ? ನಾ ಇಲ್ಲೇನು?"

ಗುಟ್ಟು ಮೂರು ತಿಂಗಳ ತಡೀಲಿಲ್ಲ. ಕೂಸು ಮಾತ್ರ ಒಂಬತ್ತೂ ತಿಂಗಳ ತಡೀತದ ಅಂತ ಯಾಕೋ ಇವತ್ತ ಅನಸಾಕತ್ತೈತಿ.