ಕೇಳದೆ ಒತ್ತಿದ ಮುದ್ರೆ

ಮಾಲ್‌ಸೂನ್ ಎಂದರೆ ಕೊನೆಯ ಹುಡುಗಿ ಎಂದರ್ಥ. ಹೆಣ್ಣು ಇನ್ನು ಸಾಕಪ್ಪ ಎಂದು ಅವಳ ತಂದೆ ಇಟ್ಟ ಹೆಸರು ಅದು. ಆಮೇಲೆ ಇನ್ನೂ ಎರಡು ಹೆಣ್ಣು ಹುಟ್ಟಿದವು, ಆ ಮಾತು ಬೇರೆ. ಹದಿನೇಳಕ್ಕೆ ಕೊರಿಯಾದ ಬಂದರು ನಗರ ಬೂಸಾನಿಗೆ ಬಂದು ಶೂ ಕಾರ್ಖಾನೆ ಸೇರಿದಳು. ಅಟ್ಟೆಗೆ ಅಂಟು ಹಚ್ಚುವ ಕೆಲಸ. ಆ ಅಂಟಿನ ವಾಸನೆ ಎಂಥದೆಂದರೆ, ಭಾನುವಾರ ಸಾರ್ವಜನಿಕ ಸ್ನಾನದ ಮನೆಗೆ ಹೋಗಿ ಮೈ ಕೆಂಪಗಾಗುವವರೆಗೆ ಉಜ್ಜಿಕೊಂಡು ಬಂದರೂ, ಬಸ್ಸಿನಲ್ಲಿ ಪಕ್ಕ ಕೂತವರು "ಶೂ ಕಂಪನೀನಾ?" ಎಂದು ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಕಳೆಯುವಷ್ಟರಲ್ಲಿ ಅವಳು ಮೂರನೇ ಲೈನಿನ ಸೂಪರ್‌ವೈಸರ್ ಆಗಿದ್ದಳು. ಕೈಕೆಳಗೆ ನಲವತ್ತೊಂದು ಹೆಂಗಸರು.

ಅವರಲ್ಲಿ ಬೊಂಗ್‌ಸಿಮ್ ಅವಳಿಗಿಂತ ಮೂರು ವರ್ಷ ದೊಡ್ಡವಳು. ಮಾಲ್‌ಸೂನ್‌ಗೆ ಅಂಟಿನ ಕುಂಚ ಹಿಡಿಯಲು ಕಲಿಸಿದವಳೇ ಅವಳು. ಊಟದ ಹೊತ್ತಿಗೆ ಎಲ್ಲರ ಡಬ್ಬಿಗಳೂ ನಡುವೆ ಬಂದು ಕೂರುತ್ತಿದ್ದವು. ಬೊಂಗ್‌ಸಿಮ್ ಹುರಿದು ತಂದ ಸಣ್ಣ ಮೀನು ಮಾತ್ರ ಮೊದಲು ಮಾಲ್‌ಸೂನ್ ಡಬ್ಬಿಗೇ ಬೀಳಬೇಕು.

"ಸೂಪರ್‌ವೈಸರ್‌ಗೆ ಲಂಚ ಕಣ್ರೇ, ನೋಡ್ಕೊಳ್ಳಿ," ಎಂದು ಉಳಿದವರು ರೇಗಿಸುವರು.

"ಲಂಚ ಕೊಟ್ಟೂ ಲೈನ್ ಸ್ಪೀಡ್ ಕಮ್ಮಿ ಮಾಡಲ್ವಲ್ಲ ಮುಂಡೇದು!" ಎಂದು ಬೊಂಗ್‌ಸಿಮ್ ನಗುವಳು.

ಬೊಂಗ್‌ಸಿಮ್ ಗಂಡ ಕಲ್ಲಿದ್ದಲ ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡು ಹಾಸಿಗೆ ಹಿಡಿದಿದ್ದ. ಅವರಿದ್ದದ್ದು ಕಂಪನಿಯ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ. ಕೆಲಸ ಇದ್ದರೆ ಕೋಣೆ, ಕೆಲಸ ಹೋದರೆ ಅದೂ ಹೋದಂತೆ.

ಎಲ್ಲರ ಹೆಸರಿನ ಮುದ್ರೆಗಳೂ ಮಾಲ್‌ಸೂನ್ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ಸಂಬಳದ ಹಾಳೆ, ರಜೆಯ ಚೀಟಿ, ಎಲ್ಲಕ್ಕೂ ಸಹಿಯ ಬದಲು ಮುದ್ರೆ ಬೇಕಲ್ಲ. ಅಂಟು ಕೈಯಲ್ಲಿ ಒಬ್ಬೊಬ್ಬರೂ ಎದ್ದು ಬಂದರೆ ಲೈನು ನಿಂತುಹೋಗುತ್ತದೆ. ಅದಕ್ಕೇ ಅವಳೇ ಒತ್ತಿಬಿಡುತ್ತಿದ್ದಳು. ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ. ಮನೆಯ ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದ ಹಾಗೆ.

ತೊಂಬತ್ತೆರಡರ ಚಳಿಗಾಲದಲ್ಲಿ ಆರ್ಡರುಗಳೆಲ್ಲ ಇಂಡೋನೇಷ್ಯಾ ಕಡೆಗೆ ತಿರುಗಿದವು. ಒಂದು ಬೆಳಿಗ್ಗೆ ಗಿಲ್ ಮ್ಯಾನೇಜರ್ ಸೂಪರ್‌ವೈಸರುಗಳನ್ನು ಕರೆಸಿದ.

"ಎಲ್ಲರೂ ರಾಜೀನಾಮೆ ಬರ್ಕೊಡಿ. ಬ್ಯಾಂಕಿನೋರಿಗೆ ತೋರಿಸೋಕೆ ಅಷ್ಟೇ. ಕಂಪನಿಗೋಸ್ಕರ ಇಡೀ ಕಾರ್ಖಾನೆ ಒಂದಾಗಿ ನಿಂತಿದೆ ಅಂತ ಗೊತ್ತಾಗ್ಲಿ. ಸಂಜೆ ಒಳಗೆ ಬೇಕು."

ಮಾಲ್‌ಸೂನ್ ಹೆದರಲಿಲ್ಲ. ಎಣ್ಣೆಯ ಬೆಲೆ ಏರಿದ ವರ್ಷವೂ ಹೀಗೇ ಆಗಿತ್ತು. ಎಲ್ಲರೂ ಬರೆದುಕೊಟ್ಟಿದ್ದರು. ಮಾರನೇ ವಾರ ದೊಡ್ಡ ಯಜಮಾನರು ಅಂಗಳದಲ್ಲಿ ನಿಂತು ಒಂದೊಂದೇ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಿದ್ದರು. ಜೊತೆಗೆ ಒಂದೊಂದು ಮೂಟೆ ಅಕ್ಕಿ. ಅಳದೇ ಇದ್ದವರು ಯಾರೂ ಇರಲಿಲ್ಲ. ಅವರು ತೀರಿಕೊಂಡು, ಈಗ ಮಗನ ಆಳ್ವಿಕೆ ಎನ್ನುವುದು ಅವಳ ತಲೆಗೆ ಹೋಗಲಿಲ್ಲ.

"ಬರೀರೇ, ಬರೀರಿ. ಅಕ್ಕಿ ತರೋಕೆ ಚೀಲ ಹೊಲಿದಿಟ್ಕೊಳ್ಳಿ," ಎಂದು ನಗಿಸುತ್ತ ಎಲ್ಲರ ಕಾಗದಕ್ಕೂ ಮುದ್ರೆ ಒತ್ತಿದಳು.

ಬೊಂಗ್‌ಸಿಮ್ ಅಂದು ಇರಲಿಲ್ಲ. ತಾಯಿ ತೀರಿಕೊಂಡಿದ್ದರಿಂದ ತವರೂರು ಮಿರ್ಯಾಂಗ್‌ಗೆ ಹೋಗಿದ್ದಳು. ಒಬ್ಬಳ ಕಾಗದ ಕಮ್ಮಿಯಾದರೆ ಅವಳೊಬ್ಬಳೇ ಕಂಪನಿಗೆ ಎದುರು ನಿಂತಂತೆ ಕಾಣುತ್ತದೆಯಲ್ಲ, ಪಾಪ, ಎಂದುಕೊಂಡು ಮಾಲ್‌ಸೂನ್ ತಾನೇ ಬರೆದಳು. ಡಬ್ಬಿಯಿಂದ ಅವಳ ಮುದ್ರೆ ತೆಗೆದು ಬಾಯಿಂದ ಹಬೆ ಊದಿ ಗಟ್ಟಿಯಾಗಿ ಒತ್ತಿದಳು.

ಐದನೇ ದಿನ ಗೋಡೆಗೆ ಪಟ್ಟಿ ಅಂಟಿಸಿದರು. ಮೂರನೇ ಲೈನಿನವರ ರಾಜೀನಾಮೆಗಳು ಸ್ವೀಕಾರವಾಗಿದ್ದವು. ನಲವತ್ತೊಂದು ಹೆಸರು. ಮಾಲ್‌ಸೂನ್‌ದು ಮಾತ್ರ ಇರಲಿಲ್ಲ.

ಓಡಿಹೋಗಿ ಮ್ಯಾನೇಜರನ ಮೇಜಿನ ಮುಂದೆ ನಿಂತಳು. "ತೋರಿಸೋಕೆ ಅಷ್ಟೇ ಅಂದಿದ್ರಲ್ಲ ಸಾರ್!"

"ಮೇಲಿನೋರು ಹಾಗಂದ್ರು, ನಾನೂ ಅಂದೆ." ಗಿಲ್ ಅವಳ ಮುಖ ನೋಡಲಿಲ್ಲ. "ಮಂಗಳವಾರ ಮಿಷಿನ್ನೆಲ್ಲ ಹಡಗಿಗೆ ಹೋಗುತ್ತೆ. ನೀವೂ ಜೊತೇಲಿ ಹೋಗ್ಬೇಕು, ಅಲ್ಲಿನ ಹುಡುಗೀರಿಗೆ ಕಲಿಸೋಕೆ." ಅವಳ ಕಾಗದವನ್ನು ಅವಳ ಕಡೆಗೆ ಸರಿಸಿದ.

"ಬೊಂಗ್‌ಸಿಮ್ ಅಕ್ಕಂದಾದ್ರೂ ವಾಪಸ್ ಕೊಡಿ. ಅವ್ರು ಊರಲ್ಲೇ ಇರ್ಲಿಲ್ಲ. ಬರ್ದಿದ್ದು ನಾನು, ಮುದ್ರೆ ಒತ್ತಿದ್ದೂ ನಾನು."

"ಹಾಗಂತ ಬರ್ಕೊಟ್ರೆ ನಿಮ್ಮನ್ನ ಪೊಲೀಸಿಗೆ ಕೊಡ್ಬೇಕಾಗುತ್ತೆ."

"ಕೊಡಿ ಸಾರ್. ಪೆನ್ನು ಕೊಡಿ, ಬರೀತೀನಿ."

ಅವನು ಪೆನ್ನು ಕೊಡಲಿಲ್ಲ. ಮೆಲ್ಲಗೆ, "ಲೈನೇ ಇರಲ್ಲಮ್ಮ. ಕಾಗದ ವಾಪಸ್ ಕೊಟ್ರೆ ಅವ್ರು ಎಲ್ಲಿ ಕೂತು ಅಂಟು ಹಚ್ತಾರೆ?" ಎಂದ.

ಮಾಲ್‌ಸೂನ್ ತನ್ನ ರಾಜೀನಾಮೆಯನ್ನು ಮತ್ತೆ ಮೇಜಿನ ಮೇಲಿಟ್ಟು ಬಂದಳು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಇಂಡೋನೇಷ್ಯಾಕ್ಕೆ ಐದನೇ ಲೈನಿನ ಸೂಪರ್‌ವೈಸರ್ ಹೋದಳು.

ಪಟ್ಟಿ ಅಂಟಿಸಿದ ಮಾರನೇ ದಿನ ಬೊಂಗ್‌ಸಿಮ್ ಕ್ವಾರ್ಟರ್ಸಿಗೆ ಮರಳಿದ್ದಳು. ಮುಡಿಯಲ್ಲಿ ಸೂತಕದ ಬಿಳಿ ರಿಬ್ಬನ್ ಇನ್ನೂ ಇತ್ತು. ಒಳಗೆ ಗಂಡ ಕೆಮ್ಮುತ್ತಿದ್ದ. ಮಾಲ್‌ಸೂನ್ ಹೊಸಿಲಲ್ಲೇ ಮಂಡಿಯೂರಿ ಎಲ್ಲವನ್ನೂ ಹೇಳಿದಳು.

ಬೊಂಗ್‌ಸಿಮ್ ಬಟ್ಟೆ ಮಡಿಸುತ್ತಲೇ ಇದ್ದಳು. "ಎಲ್ಲರ್ದೂ ಹೋಗಿದೆ ಅಂತೀಯ. ನಾನಿದ್ದಿದ್ರೂ ಬರ್ಕೊಡ್ತಿದ್ದೆ ಕಣೇ."

"ಹೌದಕ್ಕ..."

"ಹೌದಕ್ಕ ಅನ್ಬೇಡ. ನಮ್ಮೂರ ಮೂಲೆ ಅಂಗಡಿಗೆ ಒಂದು ಫೋನ್ ಮಾಡಿದ್ರೆ ನನ್ನ ಕೂಗಿ ಕರೀತಿದ್ರು. ಇಪ್ಪತ್ತೆರಡು ವರ್ಷ ಒಟ್ಟಿಗೆ ಉಂಡೋಳು, ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ ನಿಂಗೆ? ನಮ್ಮಮ್ಮನ್ನ ಮಣ್ಣು ಮಾಡ್ತಿದ್ದ ಹೊತ್ತಿಗೆ ನನ್ನ ಹೆಸರನ್ನ ನೀನು ಇಲ್ಲಿ ಮುಗಿಸ್ಬಿಟ್ಯಲ್ಲೇ."

ಪೊಲೀಸರಿಗೆ ಕೊಟ್ಟಿದ್ದರೂ ಮಾಲ್‌ಸೂನ್‌ಗೆ ಅಷ್ಟು ನೋಯುತ್ತಿರಲಿಲ್ಲ. ಬಟ್ಟೆಯ ಗಂಟು ಎತ್ತಿಕೊಡಲು ಕೈ ಹಾಕಿದಳು. ಬೊಂಗ್‌ಸಿಮ್ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಗಂಡನನ್ನು ಕರೆದುಕೊಂಡು ಮಿರ್ಯಾಂಗ್‌ನ ತಂಗಿಯ ಮನೆಗೆ ಹೊರಟುಹೋದಳು.

ಮಾಲ್‌ಸೂನ್ ಆಮೇಲೆ ಸಂತೆಬೀದಿಯಲ್ಲಿ ಸೊಪ್ಪು ಮಾರಿ ಬದುಕಿದಳು. ಪ್ರತಿ ಚಳಿಗಾಲದ ಹೊಸ್ತಿಲಲ್ಲಿ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕಿದಾಗ, ಮೊದಲ ಜಾಡಿಯನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಮಿರ್ಯಾಂಗ್‌ಗೆ ಕಳಿಸುತ್ತಿದ್ದಳು. ಹದಿನೈದು ದಿನ ಕಳೆದ ಮೇಲೆ ಜಾಡಿ ವಾಪಸ್ ಬರುತ್ತಿತ್ತು. ಚೆನ್ನಾಗಿ ತೊಳೆದಿರುತ್ತಿತ್ತು, ಒಳಗೆ ಏನೂ ಇರುತ್ತಿರಲಿಲ್ಲ. ಬಂದ ಪಾತ್ರೆಯನ್ನು ಬರಿದಾಗಿ ಯಾರಾದರೂ ವಾಪಸ್ ಕಳಿಸುತ್ತಾರೆಯೇ? ಏನಿಲ್ಲವೆಂದರೂ ನಾಲ್ಕು ಬೆಳ್ಳುಳ್ಳಿಯಾದರೂ ಹಾಕುವರು. ಅವಳು ಮುಚ್ಚಳ ತೆಗೆದು, ಕಣ್ಣಿಗೆ ಕಂಡರೂ ನಂಬದೆ, ತಳದವರೆಗೆ ಕೈ ಹಾಕಿ ತಡವುತ್ತಿದ್ದಳು.

ಆರನೇ ವರ್ಷ ಪಕ್ಕದ ಗಾಡಿಯ ಮೀನಿನವಳಿಗೆ ತಡೆಯಲಾಗಲಿಲ್ಲ. "ಇಷ್ಟು ಅವಮಾನ ಮಾಡ್ತಾಳೆ, ಇನ್ನೂ ಯಾಕೆ ಕಳಿಸ್ತೀಯೇ?"

ಮಾಲ್‌ಸೂನ್ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಹೇಳಿದಳು, "ತಿಂದಿದ್ದಾಳಲ್ಲ, ಬಿಡು."